ಹಳೆ ಟಿವಿಯ ಪಾರ್ಟ್ಸ್ ತೆಗೆದು ಮಾರುವುದು: ಬಿಚ್ಚುವ ಮುಂಚೆ ತಿಳಿಯಬೇಕಾದ್ದು, ಬಿಚ್ಚಿದ ಮೇಲೆ ಮಾಡಬೇಕಾದ್ದು

ಸ್ಕ್ರೀನ್ ಒಡೆದ ಟಿವಿ ವಿಜಯಪುರದ ಗುಜರಿ ಅಂಗಡಿಗೆ ಹೋದರೆ ಕಿಲೋ ಲೆಕ್ಕ. ಅದೇ ಟಿವಿಯ ಒಳಗಿನ ಬೋರ್ಡಿಗಾಗಿ ಇಂಡಿಯಲ್ಲೋ ಸಿಂದಗಿಯಲ್ಲೋ ಒಬ್ಬ ಮೆಕ್ಯಾನಿಕ್ ಫೋನ್ ಮೇಲೆ ಫೋನ್ ಮಾಡುತ್ತಿರುತ್ತಾನೆ. ಕಂಪನಿಯಲ್ಲಿ ಆ ಮಾಡೆಲ್ ನಿಂತುಹೋಗಿರುತ್ತದೆ, ಗಿರಾಕಿ ಅಂಗಡಿ ಬಿಟ್ಟು ಏಳುತ್ತಿರುವುದಿಲ್ಲ. ಇವರಿಬ್ಬರ ನಡುವೆ ನಿಂತು ಮಾಡುವ ವ್ಯಾಪಾರ ಇದು.

ಬಿಚ್ಚುವುದು ಯಾರಿಗಾದರೂ ಬರುತ್ತದೆ. ದುಡ್ಡು ಇರುವುದು ಅದರಲ್ಲಲ್ಲ. ಟಿವಿ ಹೇಗೆ ಕೆಟ್ಟಿತು ಅಂತ ಕೇಳಿ ತಿಳಿಯುವುದರಲ್ಲಿ, ಬೋರ್ಡಿನ ನಂಬರ್ ಸರಿಯಾಗಿ ಓದುವುದರಲ್ಲಿ ಇದೆ. ಅದಕ್ಕೇ ಈ ಲೇಖನದಲ್ಲಿ ಸ್ಕ್ರೂಡ್ರೈವರ್ ಸ್ವಲ್ಪ ತಡವಾಗಿ ಬರುತ್ತದೆ. ಇಲ್ಲಿ ಹೇಳುವುದು ಬಹುತೇಕ ಎಲ್‌ಇಡಿ ಟಿವಿಗಳ ಮಾತು. ಡಬ್ಬಾ ಟಿವಿಯ ವಿಷಯ ಕೊನೆಗೆ.

ಕೊಳ್ಳುವಾಗ: "ಹೆಂಗ ಕೆಟ್ಟೈತ್ರಿ?"

ಟಿವಿ ತಂದವರನ್ನು ಮೊದಲು ಕೇಳಬೇಕಾದ್ದು ಇದೇ. ರೇಟು ಆಮೇಲೆ. ಉತ್ತರ ಕೇಳಿದರೆ ಒಳಗೆ ಏನು ಉಳಿದಿದೆ ಅಂತ ಮುಕ್ಕಾಲು ಪಾಲು ಗೊತ್ತಾಗುತ್ತದೆ.

"ಹುಡುಗ ಬಾಲ್ ಒಗದಾನ್ರಿ" ಅಂದರೆ ಸುಮ್ಮನೆ ಒಳಗೆ ತೆಗೆದುಕೊಳ್ಳಿ. ಪ್ಯಾನಲ್, ಅಂದರೆ ಚಿತ್ರ ಮೂಡುವ ಗಾಜು ಮಾತ್ರ ಹೋಗಿದೆ. ಬಾಲ್ ಬೀಳುವ ಗಳಿಗೆಯವರೆಗೂ ಮೇನ್ ಬೋರ್ಡ್, ಪವರ್ ಸಪ್ಲೈ, ಟಿ-ಕಾನ್ (ಮೇನ್ ಬೋರ್ಡಿನ ಚಿತ್ರವನ್ನು ಪ್ಯಾನಲಿಗೆ ತಕ್ಕಂತೆ ಕಳಿಸುವ ಸಣ್ಣ ಬೋರ್ಡ್), ಸ್ಪೀಕರ್, ವೈಫೈ ಎಲ್ಲ ಚಾಲೂ ಇದ್ದವು. ಹೊಸ ಪ್ಯಾನಲ್ ಹಾಕಿಸುವ ಖರ್ಚು ಹೊಸ ಟಿವಿಯ ಹತ್ತಿರಕ್ಕೇ ಹೋಗುತ್ತದೆ. ಹಾಗಾಗಿ ಮಾಲೀಕರೂ ಅದನ್ನು ಇಟ್ಟುಕೊಳ್ಳಲು ಹಟ ಮಾಡುವುದಿಲ್ಲ. ಈ ವ್ಯಾಪಾರದ ಜೀವವೇ ಸ್ಕ್ರೀನ್ ಒಡೆದ ಟಿವಿ.

"ಸ್ಕ್ರೀನಿನ್ಯಾಗ ಉದ್ದಕ ಗೆರಿ ಬಂದಾವ್ರಿ" ಅಂದರೂ ಬಹುಮಟ್ಟಿಗೆ ಅದೇ ಕಥೆ. ಹೆಚ್ಚಾಗಿ ಪ್ಯಾನಲ್ ಅಂಚಿನ ರಿಬ್ಬನ್ ಹೋಗಿರುತ್ತದೆ, ಬೋರ್ಡ್‌ಗಳು ಚೆನ್ನಾಗಿರುತ್ತವೆ.

"ಸಿಡಿಲು ಹೊಡದೈತ್ರಿ" ಅಂದಾಗ ಹುಷಾರು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಮುಗಿದ ಮರುದಿನ ಇಂಥ ಟಿವಿಗಳು ಸಾಲಾಗಿ ಬರುತ್ತವೆ. ಡಿಶ್ ಕೇಬಲ್‌ನಿಂದ ಸೆಟ್ ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ವೈರಿನಲ್ಲಿ ಮೇನ್ ಬೋರ್ಡಿಗೆ ಹೊಡೆತ ಬಂದಿರುತ್ತದೆ. ಹೊರಗೆ ಕಪ್ಪು ಕಲೆ ಕಾಣದಿದ್ದರೂ ಅಂಥ ಮೇನ್ ಬೋರ್ಡ್ ನಂಬಬೇಡಿ. ಇವತ್ತು ಓಡಿದ್ದು ತಿಂಗಳಿಗೆ ಮಲಗಬಹುದು, ಆಗ ಬೈಗುಳ ನಿಮಗೇ. ಆದರೆ ಪ್ಯಾನಲ್, ಅದರ ಹಿಂದೆ ಬೆಳಕು ಕೊಡುವ ಎಲ್‌ಇಡಿ ಪಟ್ಟಿ, ಸ್ಪೀಕರ್ ಉಳಿದಿರುವ ಸಾಧ್ಯತೆ ಜಾಸ್ತಿ.

"ಲೋಗೋ ಬಂದು ಅಲ್ಲೇ ನಿಂದರ್ತೈತಿ" ಅಂದರೆ ಸ್ಮಾರ್ಟ್ ಟಿವಿಯ ಸಾಫ್ಟ್‌ವೇರ್ ಹೋಗಿದೆ, ಇಲ್ಲವೇ ಇಎಂಎಂಸಿ ಅನ್ನುವ ಮೆಮೊರಿ ಚಿಪ್ ಸತ್ತಿದೆ. ಮೇನ್ ಬೋರ್ಡ್ ಬಿಟ್ಟು ಉಳಿದದ್ದಕ್ಕೆ ಬೆಲೆ ಕಟ್ಟಿ.

"ಸೌಂಡ್ ಬರತೈತಿ, ಚಿತ್ರ ಕಾಣವಲ್ದು" ಅನ್ನುವ ಟಿವಿಯನ್ನು ಮಾತ್ರ ಬಿಚ್ಚಲು ಅವಸರ ಮಾಡಬೇಡಿ. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಸ್ಕ್ರೀನಿಗೆ ಹತ್ತಿರ ಹಿಡಿದು ಓರೆಯಾಗಿ ನೋಡಿ. ಮಸುಕಾಗಿ ಚಿತ್ರ ಓಡುತ್ತಿದ್ದರೆ ಪ್ಯಾನಲ್ ಜೀವಂತ, ಹಿಂದಿನ ಬ್ಯಾಕ್‌ಲೈಟ್ ಮಾತ್ರ ಹೋಗಿದೆ. ಪಟ್ಟಿಯ ದೀಪಗಳು ಒಂದರ ಹಿಂದೆ ಒಂದು ಸೀರೀಸ್‌ನಲ್ಲಿರುತ್ತವೆ, ಅದರಲ್ಲಿ ಒಂದು ಸತ್ತರೂ ಇಡೀ ಸಾಲು ಆರುತ್ತದೆ. ಪಟ್ಟಿ ಬದಲಿಸಿ ಇಡೀ ಟಿವಿಯನ್ನೇ ಮಾರಿ. ಓಡುವ ಟಿವಿಯನ್ನು ತುಂಡು ಮಾಡಿ ಮಾರುವವನಿಗೆ ಲೆಕ್ಕ ಬರುವುದಿಲ್ಲ ಅಂತಲೇ ನನ್ನ ಅಭಿಪ್ರಾಯ.

"ಸುಮ್ನ ಬಂದ್ ಆತ್ರಿ" ಅನ್ನುವುದಕ್ಕೆ ಗುಜರಿ ರೇಟಿನ ಮೇಲೆ ಒಂದು ರೂಪಾಯಿಯೂ ಬೇಡ.

ಇನ್ನೊಂದು ವಿಷಯ. ಮಾರಿದವರ ಹೆಸರು, ಊರು, ಮೊಬೈಲ್ ನಂಬರ್, ಟಿವಿಯ ಸೀರಿಯಲ್ ನಂಬರ್ ಒಂದು ವಹಿಯಲ್ಲಿ ಬರೆದು ಸಹಿ ಮಾಡಿಸಿಕೊಳ್ಳಿ. ಕಳವಿನ ಮಾಲು ಅಂತ ಗೊತ್ತಿದ್ದು, ಇಲ್ಲವೇ ಅನುಮಾನ ಪಡಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಕೊಂಡವನ ಮೇಲೂ ಬೀಳುತ್ತದೆ. ರಿಮೋಟ್ ಇಲ್ಲ, ವೈರ್ ಕತ್ತರಿಸಿದೆ, ಟಿವಿ ಹೊಚ್ಚ ಹೊಸದು, ರೇಟು ಎಷ್ಟಾದರೂ ನಡೆಯುತ್ತದೆ ಅನ್ನುವವರನ್ನು ಬಾಗಿಲಲ್ಲೇ ಕಳಿಸಿ.

ಬಿಚ್ಚುವ ಮುಂಚೆ ಒಮ್ಮೆ ಚಾಲೂ ಮಾಡಿ

ಬೋರ್ಡ್ ಟೆಸ್ಟ್ ಮಾಡಲು ಅದರದೇ ಟಿವಿಗಿಂತ ಒಳ್ಳೆಯ ಜಾಗ ಇಲ್ಲ. ಬಿಚ್ಚಿ ಕಪಾಟಿನಲ್ಲಿಟ್ಟ ಮೇಲೆ "ಓಡ್ತಿತ್ತು ಅನ್ಸುತ್ತೆ" ಅಂತ ಹೇಳಿದರೆ ಯಾರೂ ಕೊಳ್ಳುವುದಿಲ್ಲ.

ನೇರವಾಗಿ ಕರೆಂಟ್ ಕೊಡಬೇಡಿ. ಸೀರೀಸ್ ಬೋರ್ಡ್ ಮೂಲಕ ಕೊಡಿ, ಅಂದರೆ ಹಳೆ ಕಾಲದ ತಂತಿ ಬಲ್ಬನ್ನು, 100 ವ್ಯಾಟಿನದನ್ನು, ಫೇಸ್ ಲೈನಿನಲ್ಲಿ ಸೇರಿಸಿ. ಬಲ್ಬ್ ಒಮ್ಮೆ ಮಿನುಗಿ ಮಂದವಾದರೆ ಪವರ್ ಸಪ್ಲೈಯಲ್ಲಿ ಶಾರ್ಟ್ ಇಲ್ಲ. ಪೂರ್ತಿ ಉರಿಯುತ್ತಾ ನಿಂತರೆ ಒಳಗೆ ಶಾರ್ಟ್ ಇದೆ, ಕೂಡಲೇ ತೆಗೆಯಿರಿ. ಎಲ್‌ಇಡಿ ಬಲ್ಬ್ ಹಾಕಿದರೆ ಈ ಟೆಸ್ಟ್ ನಡೆಯುವುದಿಲ್ಲ.

ಟಿವಿ ಎದ್ದಿತು ಅಂದುಕೊಳ್ಳಿ. ಪೆನ್ ಡ್ರೈವ್ ಹಾಕಿ ಹಾಡು ಹಚ್ಚಿ, ಎರಡೂ ಸ್ಪೀಕರ್ ಕೇಳಿ. ಪ್ರತಿ ಎಚ್‌ಡಿಎಂಐ ಪೋರ್ಟಿಗೂ ಸೆಟ್ ಟಾಪ್ ಬಾಕ್ಸ್ ಹಚ್ಚಿ ಧ್ವನಿ ಬರುತ್ತದಾ ನೋಡಿ. ರಿಮೋಟ್ ಒತ್ತಿ, ಕೆಳಗಿನ ಬಟನ್ ಒತ್ತಿ. ಒಡೆದ ಸ್ಕ್ರೀನಿನಲ್ಲಿ ಒಂದು ಮೂಲೆ ಕಾಣುತ್ತಿದ್ದರೂ ಮೆನು ತೆರೆದು ವೈಫೈ ಹುಡುಕಿಸಿ. ಇದನ್ನೆಲ್ಲ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಮಾರುವಾಗ ಇದೇ ನಿಮ್ಮ ಗ್ಯಾರಂಟಿ ಕಾರ್ಡ್.

ಸ್ಮಾರ್ಟ್ ಟಿವಿಯಾದರೆ ಹಳೆ ಮಾಲೀಕರ ಅಕೌಂಟ್‌ಗಳು ಒಳಗೇ ಇರುತ್ತವೆ. ಮೆನು ಕಂಡರೆ ಫ್ಯಾಕ್ಟರಿ ರೀಸೆಟ್ ಮಾಡಿ. ಕಾಣದಿದ್ದರೆ, "ನಿಮ್ಮ ಫೋನಿನ್ಯಾಗ ಗೂಗಲ್ ಅಕೌಂಟಿಗೆ ಹೋಗಿ ಡಿವೈಸ್ ಪಟ್ಟಿಯೊಳಗ ಈ ಟಿವಿ ತಗದ ಬಿಡ್ರಿ" ಅಂತ ಅವರು ಅಲ್ಲೇ ನಿಂತಿರುವಾಗ ಹೇಳಿ ಮಾಡಿಸಿ.

ಸಾಮಾನು, ಜಾಗ

ಸ್ಟಾರ್ ಸ್ಕ್ರೂಡ್ರೈವರ್ ಎರಡು ಅಳತೆ, ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಡಿಸೋಲ್ಡರ್ ಪಂಪ್, ಅವಧಿ ಮುಗಿದ ಎಟಿಎಂ ಕಾರ್ಡ್, ಬ್ರಷ್. ಎಲ್‌ಇಡಿ ಪಟ್ಟಿ ಹೊತ್ತಿಸಿ ನೋಡುವ ಬ್ಯಾಕ್‌ಲೈಟ್ ಟೆಸ್ಟರ್ ಒಂದು ಇದ್ದರೆ ಕೆಲಸ ಬೇಗ. ಸ್ಕ್ರೂ ಹಾಕಲು ಮೊಟ್ಟೆ ಟ್ರೇ.

ಟೇಬಲ್ ಮೇಲೆ ಏನು ಹಾಸುತ್ತೀರಿ ಅನ್ನುವುದು ಮುಖ್ಯ. ಮನೆಯ ಹಳೆ ನೂಲಿನ ಕೌದಿ ಇದ್ದರೆ ಅದೇ ಒಳ್ಳೆಯದು. ಸಿಂಥೆಟಿಕ್ ಕಂಬಳಿ, ಥರ್ಮೋಕೋಲ್ ಬೇಡ. ವಿಜಯಪುರದ ಬೇಸಿಗೆ ಗಾಳಿಯಲ್ಲಿ ತೇವ ಅನ್ನುವುದೇ ಇರುವುದಿಲ್ಲ, ಅಂಥ ಒಣ ಹವೆಯಲ್ಲಿ ಮೈಮೇಲೆ ಸ್ಟ್ಯಾಟಿಕ್ ಕರೆಂಟ್ ಬೇಗ ಕೂಡುತ್ತದೆ. ಪಾಲಿಯೆಸ್ಟರ್ ಅಂಗಿ ತೆಗೆಯುವಾಗ ಚಟಚಟ ಅನ್ನುತ್ತದಲ್ವಾ, ಅದೇ. ನಮಗೆ ಅದು ಬರೀ ಚಟಚಟ, ಟಿ-ಕಾನ್ ಮೇಲಿನ ಚಿಪ್ಪಿಗೆ ಸಾವು. ಅರ್ತ್ ಆದ ಲೋಹ ಮುಟ್ಟಿ ಕೆಲಸ ಶುರು ಮಾಡಿ, ಕೈಗೆ ಅರ್ತ್ ಪಟ್ಟಿ ಕಟ್ಟಿದರೆ ಇನ್ನೂ ಒಳ್ಳೆಯದು. ಆದರೆ ಟಿವಿಗೆ ಕರೆಂಟ್ ಇರುವಾಗ ಪಟ್ಟಿ ಕಟ್ಟಿಕೊಂಡು ಕೈ ಹಾಕಬೇಡಿ.

ಬಿಚ್ಚುವುದು

ಪ್ಲಗ್ ತೆಗೆಯಿರಿ. ಟಿವಿಯನ್ನು ಮುಖ ಕೆಳಗೆ ಮಾಡಿ ಕೌದಿಯ ಮೇಲೆ ಮಲಗಿಸಿ. ಸ್ಕ್ರೂ ಮುಟ್ಟುವ ಮುಂಚೆ ಒಂದು ಫೋಟೋ. ಕಾಲಿನ ಸ್ಕ್ರೂ ಉದ್ದ, ಕವರಿನದು ಗಿಡ್ಡ, ಎಚ್‌ಡಿಎಂಐ ಪಕ್ಕದ್ದು ಸಣ್ಣ. ಎಲ್ಲ ತೆಗೆದರೂ ಕವರ್ ಏಳದಿದ್ದರೆ ಜಗ್ಗಬೇಡಿ, ಸ್ಟಿಕ್ಕರಿನ ಕೆಳಗೆ ಒಂದು ಸ್ಕ್ರೂ ಅಡಗಿರಬಹುದು. ಆಮೇಲೆ ಎಟಿಎಂ ಕಾರ್ಡ್ ತೂರಿಸಿ ಅಂಚಿನ ಲಾಕುಗಳನ್ನು ಒಂದೊಂದಾಗಿ ಬಿಡಿಸಿ.

ಕವರ್ ಎದ್ದ ಕೂಡಲೇ ಪವರ್ ಸಪ್ಲೈ ಬೋರ್ಡಿನ ದೊಡ್ಡ ಕೆಪಾಸಿಟರ್ ಹುಡುಕಿ. ಅದರಲ್ಲಿ ಪ್ಲಗ್ ತೆಗೆದ ಮೇಲೂ 325 ವೋಲ್ಟ್ ಸುಮಾರು ಡಿಸಿ ಉಳಿದಿರಬಹುದು, ದೊಡ್ಡ ಟಿವಿಗಳಲ್ಲಿ 390ರ ಹತ್ತಿರ. ಮೀಟರನ್ನು 1000 ವೋಲ್ಟ್ ಡಿಸಿಗೆ ಇಟ್ಟು ನೋಡಿ. ವೋಲ್ಟೇಜ್ ಇದ್ದರೆ 2.2 ಕಿಲೋ ಓಮ್, 10 ವ್ಯಾಟ್ ರೆಸಿಸ್ಟರನ್ನು ಇನ್ಸುಲೇಟೆಡ್ ವೈರಿಗೆ ಬೆಸೆದು ಎರಡೂ ಕಾಲಿಗೆ ಹಿಡಿಯಿರಿ, ಮತ್ತೆ ಅಳೆಯಿರಿ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಢಂ ಅನ್ನಿಸುವವರು ಎಲ್ಲ ಊರಲ್ಲೂ ಇದ್ದಾರೆ. ಅದರಿಂದ ಬೋರ್ಡಿನ ತಾಮ್ರದ ಗೆರೆ ಹಾರುತ್ತದೆ, ಕಣ್ಣಿಗೆ ಕಿಡಿ ಸಿಡಿಯುತ್ತದೆ. ಸಣ್ಣ 32 ಇಂಚಿನ ಹಲವು ಟಿವಿಗಳಲ್ಲಿ ಮೇನ್, ಪವರ್, ಬ್ಯಾಕ್‌ಲೈಟ್ ಡ್ರೈವರ್ ಮೂರೂ ಒಂದೇ ಕಾಂಬೋ ಬೋರ್ಡಿನಲ್ಲಿರುತ್ತವೆ. ಅಲ್ಲಿ ಯಾವ ಕಡೆ ಹಿಡಿಯುತ್ತೀರಿ ಅನ್ನುವ ಎಚ್ಚರ ಇನ್ನೂ ಜಾಸ್ತಿ ಬೇಕು.

ಈಗ ಕೇಬಲ್‌ಗಳು. ಮೇನ್ ಬೋರ್ಡಿನಿಂದ ಟಿ-ಕಾನ್‌ಗೆ ಚಿತ್ರ ಒಯ್ಯುವ ಎಲ್‌ವಿಡಿಎಸ್ ಕೇಬಲ್ಲಿನ ಎರಡು ಬದಿಯ ಕೊಂಡಿ ಒತ್ತಿ ಎಳೆಯಿರಿ. ಚಪ್ಪಟೆ ರಿಬ್ಬನ್ನಿಗೆ ಮೇಲೆ ಏಳುವ ಸಣ್ಣ ಲಾಕ್ ಇರುತ್ತದೆ, ಅದನ್ನು ಉಗುರಿನಿಂದ ಎತ್ತಿದ ಮೇಲೆ ರಿಬ್ಬನ್ ತಾನಾಗಿ ಬರುತ್ತದೆ. ಕೇಬಲ್ಲನ್ನು ಬೋರ್ಡಿನ ಜೊತೆಗೇ ಇಡಿ.

ಮೇನ್ ಬೋರ್ಡ್, ಪವರ್ ಸಪ್ಲೈ, ಟಿ-ಕಾನ್, ಸ್ಪೀಕರ್, ವೈಫೈ, ರಿಮೋಟಿನ ಸಿಗ್ನಲ್ ಹಿಡಿಯುವ ಐಆರ್ ಸೆನ್ಸರ್, ಬಟನ್ ಪಟ್ಟಿ ಇವು ಹೊರಬಂದ ಮೇಲೆ ಪ್ಯಾನಲ್ ಸರದಿ. ಒಡೆದ ಪ್ಯಾನಲ್ ಆದರೂ ಕೈಗವಸು ಹಾಕಿಯೇ ಎತ್ತಿ, 43 ಇಂಚು ದಾಟಿದರೆ ಇಬ್ಬರು ಬೇಕು. ಅದರ ಕೆಳಗೆ ಬಿಳಿ ಹಾಳೆಗಳು, ಬೆಳಕನ್ನು ಸಮನಾಗಿ ಹರಡುವ ದಪ್ಪ ಡಿಫ್ಯೂಸರ್ ಪ್ಲೇಟ್ ಸಿಗುತ್ತವೆ. ಇದ್ದ ಸಾಲಿನಲ್ಲೇ ಕಟ್ಟಿಡಿ. ತಳದಲ್ಲಿ ಎಲ್‌ಇಡಿ ಪಟ್ಟಿಗಳು ಅಂಟಿನಲ್ಲಿ ಕೂತಿರುತ್ತವೆ. ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ, ಪಟ್ಟಿ ಬಾಗದಂತೆ ಉದ್ದಕ್ಕೂ ಎಬ್ಬಿಸಿ. ಬಾಗಿದರೆ ಎಲ್‌ಇಡಿಯ ಕೆಳಗಿನ ಬೆಸುಗೆ ಬಿರುಕು ಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಹಾಕಿದ ಮೇಲೆ ಮಿಣಮಿಣ ಅನ್ನುತ್ತದೆ.

ಪವರ್ ಸಪ್ಲೈ ಬೇರೆ ಇದ್ದರೆ ಅದನ್ನು ಒಂಟಿಯಾಗಿಯೂ ನೋಡಬಹುದು. ಕನೆಕ್ಟರಿನ ಪಕ್ಕದಲ್ಲೇ ಸ್ಟ್ಯಾಂಡ್‌ಬೈ, ಪಿಎಸ್ ಆನ್, 12 ವೋಲ್ಟ್, ಗ್ರೌಂಡ್ ಅಂತ ಅಚ್ಚಾಗಿರುತ್ತದೆ. ಸ್ಟ್ಯಾಂಡ್‌ಬೈ ಅಂದರೆ ಟಿವಿ ಬಂದ್ ಇದ್ದಾಗಲೂ ಇರುವ ಸಣ್ಣ ವೋಲ್ಟೇಜ್, ಪಿಎಸ್ ಆನ್ ಅಂದರೆ ಪವರ್ ಸಪ್ಲೈಗೆ ಚಾಲೂ ಆಗು ಅನ್ನುವ ಪಿನ್. ಸೀರೀಸ್ ಬಲ್ಬಿನಲ್ಲಿ ಕರೆಂಟ್ ಕೊಟ್ಟು ಸ್ಟ್ಯಾಂಡ್‌ಬೈ ಅಳೆಯಿರಿ. ಆಮೇಲೆ 1 ಕಿಲೋ ಓಮ್ ರೆಸಿಸ್ಟರಿನಿಂದ ಸ್ಟ್ಯಾಂಡ್‌ಬೈಯನ್ನು ಪಿಎಸ್ ಆನ್‌ಗೆ ಸೇರಿಸಿ, 12 ವೋಲ್ಟ್ ಬರಬೇಕು. ಕೆಲವು ಬೋರ್ಡುಗಳಲ್ಲಿ ಬೇರೆ ಸ್ಟ್ಯಾಂಡ್‌ಬೈ ಇರುವುದೇ ಇಲ್ಲ, ಕರೆಂಟ್ ಕೊಟ್ಟ ಕೂಡಲೇ 12 ವೋಲ್ಟ್ ಎದ್ದು ನಿಲ್ಲುತ್ತದೆ.

ನಂಬರ್ ಓದುವುದು

ನಾಲ್ಕು ಕಾಸು ಹೆಚ್ಚು ಗಳಿಸುವ ಜಾಗ ಇದು. "32 ಇಂಚಿನ ಸ್ಯಾಮ್‌ಸಂಗ್ ಬೋರ್ಡ್ ಇದೆ" ಅಂದರೆ ಏನನ್ನೂ ಹೇಳಿದ ಹಾಗಾಗಲಿಲ್ಲ. ಒಂದೇ ಅಳತೆಯ ಟಿವಿಗೆ ವರ್ಷ ವರ್ಷಕ್ಕೂ ಬೋರ್ಡ್ ಬದಲಾಗುತ್ತದೆ. ಒಂದೇ ಮಾಡೆಲ್ಲಿನ ಎರಡು ಟಿವಿಗೆ ಕಂಪನಿ ಎರಡು ಬೇರೆ ಪ್ಯಾನಲ್ ಹಾಕಿರುವುದೂ ಉಂಟು.

ಬೋರ್ಡಿನ ಮೇಲೆ ಎರಡು ನಮೂನೆಯ ನಂಬರ್ ಇರುತ್ತವೆ. ಒಂದು ಬೋರ್ಡಿನ ಮೈಮೇಲೆ ಅಚ್ಚಾದದ್ದು, ಇನ್ನೊಂದು ಸ್ಟಿಕ್ಕರಿನಲ್ಲಿರುವುದು. ಸ್ಯಾಮ್‌ಸಂಗ್‌ನಲ್ಲಿ ಬಿಎನ್41 ಅಂತ ಶುರುವಾಗುವುದು ಬರೀ ಹಲಗೆಯ ನಂಬರ್. ಸ್ಟಿಕ್ಕರಿನ ಬಿಎನ್94 ಪೂರ್ತಿ ತಯಾರಾದ ಬೋರ್ಡಿನದು. ಒಂದೇ ಬಿಎನ್41 ಹಲಗೆಯ ಮೇಲೆ ಹಲವು ಬಿಎನ್94 ಬೋರ್ಡ್ ತಯಾರಾಗಿರುತ್ತವೆ. ಎಲ್‌ಜಿಯಲ್ಲಿ ಅಚ್ಚಾದದ್ದು ಇಎಎಕ್ಸ್, ಮೇನ್ ಬೋರ್ಡಿನ ಸ್ಟಿಕ್ಕರ್ ಇಬಿಟಿ, ಪವರ್ ಸಪ್ಲೈಯದು ಇಎವೈ. ಕೊಳ್ಳುವವನಿಗೆ ಎರಡೂ ಕೊಡಿ, ಆದರೆ ಹೊಂದಿಸಬೇಕಾದ್ದು ಸ್ಟಿಕ್ಕರ್ ನಂಬರ್. ಸ್ಟಿಕ್ಕರ್ ಕಿತ್ತುಹೋದ ಬೋರ್ಡಿನ ಬೆಲೆ ಅಲ್ಲೇ ಇಳಿಯುತ್ತದೆ. ಒರೆಸುವಾಗ ಥಿನ್ನರ್ ಅದರ ಹತ್ತಿರ ತರಬೇಡಿ.

ಟಿ-ಕಾನ್ ಟಿವಿಯ ಬ್ರ್ಯಾಂಡ್ ನೋಡುವುದಿಲ್ಲ, ಪ್ಯಾನಲ್ ನೋಡುತ್ತದೆ. ಹಾಗಾಗಿ ಒಡೆದ ಪ್ಯಾನಲ್ ಎಸೆಯುವ ಮುಂಚೆ ಅದರ ಬೆನ್ನಿನ ಸ್ಟಿಕ್ಕರಿನ ಫೋಟೋ ತೆಗೆಯಲೇಬೇಕು. ನಂಬರಿನ ಮೊದಲ ಅಕ್ಷರಗಳೇ ಕಾರ್ಖಾನೆ ಹೇಳುತ್ತವೆ. ಎಲ್‌ಸಿ320 ಅಂದರೆ ಎಲ್‌ಜಿ ಡಿಸ್‌ಪ್ಲೇ, ಎಚ್‌ವಿ320 ಅಂದರೆ ಬಿಒಇ, ಟಿ320 ಅಂದರೆ ಎಯುಒ, ವಿ320 ಅಂದರೆ ಇನ್ನೊಲಕ್ಸ್. 320 ಅಂದರೆ 32 ಇಂಚು. ಮೂರು ಬೇರೆ ಬ್ರ್ಯಾಂಡಿನ ಟಿವಿಯೊಳಗೆ ಒಂದೇ ಪ್ಯಾನಲ್ ಕೂತಿರಬಹುದು. ಆಗ ನಿಮ್ಮ ಒಂದು ಟಿ-ಕಾನ್‌ಗೆ ಮೂರು ಬ್ರ್ಯಾಂಡಿನ ಗಿರಾಕಿ.

ಮೇನ್ ಬೋರ್ಡಿನ ಜೊತೆಗೂ ಈ ಪ್ಯಾನಲ್ ನಂಬರ್ ಬರೆದಿಡಿ. ಬೋರ್ಡಿನ ಸಾಫ್ಟ್‌ವೇರ್ ಆ ಪ್ಯಾನಲಿಗೆ ತಕ್ಕಂತೆ ಇರುತ್ತದೆ. ಬೇರೆ ಪ್ಯಾನಲಿಗೆ ಹಾಕಿದರೆ ಚಿತ್ರ ತಲೆಕೆಳಗೆ ಬರಬಹುದು, ಮುಖಗಳು ನೀಲಿ ಹಸಿರಾಗಬಹುದು. ಕೆಲವಲ್ಲಿ ಸರ್ವಿಸ್ ಮೆನುವಿನಲ್ಲಿ ಸರಿಪಡಿಸಬಹುದು, ಕೆಲವಲ್ಲಿ ಸಾಫ್ಟ್‌ವೇರೇ ತುಂಬಬೇಕು. ಬೋರ್ಡ್ ಕೆಟ್ಟಿದೆ ಅಂತ ವಾಪಸ್ ಬರುವುದರಲ್ಲಿ ಹಲವು ಬರೀ ಈ ಜಗಳ.

ಎಲ್‌ಇಡಿ ಪಟ್ಟಿಗೆ ಬೇಕಾದ್ದು ನಾಲ್ಕು ಮಾಹಿತಿ: ಉದ್ದ ಎಷ್ಟು ಸೆಂಟಿಮೀಟರ್, ದೀಪ ಎಷ್ಟು, ಒಂದು ದೀಪ 3 ವೋಲ್ಟಿನದಾ 6 ವೋಲ್ಟಿನದಾ, ಸೆಟ್ಟಿಗೆ ಎಷ್ಟು ಪಟ್ಟಿ. ಮೀಟರಿನ ಡಯೋಡ್ ಸ್ಥಾನದಲ್ಲಿ 3 ವೋಲ್ಟಿನ ದೀಪ ಮಂದವಾಗಿ ಹೊತ್ತುತ್ತದೆ, 6 ವೋಲ್ಟಿನದು ಹೊತ್ತುವುದಿಲ್ಲ, ಅಷ್ಟಕ್ಕೇ ಸತ್ತಿದೆ ಅಂದುಕೊಳ್ಳಬೇಡಿ. ಬ್ಯಾಕ್‌ಲೈಟ್ ಟೆಸ್ಟರ್ ಬಳಸುವಾಗ ತುದಿಗಳನ್ನು ಬೆರಳಿನಿಂದ ಮುಟ್ಟಬೇಡಿ, ಅದು 300 ವೋಲ್ಟಿನವರೆಗೂ ಏರುತ್ತದೆ.

ಯಾವುದು ಓಡುತ್ತದೆ

ಮೇನ್ ಬೋರ್ಡ್, ಪವರ್ ಸಪ್ಲೈ, ಟಿ-ಕಾನ್ ಓಡುತ್ತವೆ ಅಂತ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಟಿವಿಯ ಕಾಲು. ಜನ ಟಿವಿಯನ್ನು ಗೋಡೆಗೆ ಹೊಡೆಸುತ್ತಾರೆ, ಕಾಲು ಎಲ್ಲೋ ಕಳೆದುಹೋಗುತ್ತವೆ. ಬಾಡಿಗೆ ಮನೆ ಬದಲಿಸಿದಾಗ ಹೊಸ ಮಾಲೀಕರು ಗೋಡೆಗೆ ತೂತು ಹೊಡೆಯಬೇಡಿ ಅನ್ನುತ್ತಾರೆ. ಆಗ ಕಾಲು ಹುಡುಕಿಕೊಂಡು ಬರುತ್ತಾರೆ. ಜೋಡಿಯನ್ನು ಸ್ಕ್ರೂ ಸಮೇತ ಒಂದೇ ಚೀಲದಲ್ಲಿ ಕಟ್ಟಿ ಮಾಡೆಲ್ ನಂಬರ್ ಬರೆಯಿರಿ. ಐಆರ್ ಸೆನ್ಸರ್, ವೈಫೈ ತುಂಡು, ಎಲ್‌ವಿಡಿಎಸ್ ಕೇಬಲ್ ಕೂಡ ಹಾಗೇ. ಸಣ್ಣ ಸಾಮಾನು, ಹೊಸದಾಗಿ ಸಿಗುವುದು ಕಷ್ಟ.

ಹಳೆ ಎಲ್‌ಇಡಿ ಪಟ್ಟಿಯ ಬಗ್ಗೆ ನನಗೆ ಉತ್ಸಾಹ ಕಡಿಮೆ. ಮಾಮೂಲಿ ಅಳತೆಗಳಿಗೆ ಹೊಸ ಪಟ್ಟಿ ಅಗ್ಗಕ್ಕೆ ಸಿಗುತ್ತದೆ, ಉರಿದು ಹಳತಾದದ್ದನ್ನು ಯಾಕೆ ಹಾಕಬೇಕು? ಅಪರೂಪದ ಮಾಡೆಲ್ಲಿನದು ಮಾತ್ರ ಇಡಿ. ಅದೇ ರೀತಿ ಹಲವು ಬ್ರ್ಯಾಂಡಿಗೆ ಹೊಂದುವ ಯೂನಿವರ್ಸಲ್ ಬೋರ್ಡ್ ಹಾಕಿ ಮುಗಿಸಬಹುದಾದ ಸಾದಾ ಟಿವಿಯ ಮೇನ್ ಬೋರ್ಡಿಗೆ ಹೆಚ್ಚು ರೇಟು ಏಳುವುದಿಲ್ಲ. ಸ್ಮಾರ್ಟ್, ದೊಡ್ಡ ಅಳತೆ, ಹೆಸರಿನ ಬ್ರ್ಯಾಂಡ್ ಆದರೆ ಏಳುತ್ತದೆ.

ರೇಟು ಕಟ್ಟುವಾಗ ಹೊಸ ಬೋರ್ಡಿನ ಅರ್ಧ ದಾಟಬೇಡಿ. ಹೊಸ ಟಿವಿಯ ಬೆಲೆಯ ಮೇಲೂ ಕಣ್ಣಿರಲಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28 ಪರ್ಸೆಂಟ್‌ನಿಂದ 18ಕ್ಕೆ ಇಳಿದಿದೆ. ಹೊಸದು ಅಗ್ಗವಾದಷ್ಟೂ ಹಳೆಯದನ್ನು ರಿಪೇರಿ ಮಾಡಿಸುವವರ ಕೈ ಬಿಗಿಯಾಗುತ್ತದೆ.

ಇಡುವುದು, ಕಳಿಸುವುದು

ಬೋರ್ಡನ್ನು ಆಂಟಿಸ್ಟ್ಯಾಟಿಕ್ ಕವರಿನಲ್ಲಿ ಹಾಕಿ, ಮೇಲೆ ಬಬಲ್ ಶೀಟ್. ಬಬಲ್ ಶೀಟನ್ನು ನೇರವಾಗಿ ಬೋರ್ಡಿಗೆ ಸುತ್ತಬೇಡಿ. ಚೀಟಿಯಲ್ಲಿ ಟಿವಿ ಮಾಡೆಲ್, ಸ್ಟಿಕ್ಕರ್ ನಂಬರ್, ಪ್ಯಾನಲ್ ನಂಬರ್, ಟಿವಿ ಕೆಟ್ಟ ಕಾರಣ, ಟೆಸ್ಟ್ ಮಾಡಿದ ತಾರೀಕು. ಹೀಟ್ ಸಿಂಕ್ ಮೂಲೆಗೆ ಒಂದು ಹನಿ ನೇಲ್ ಪಾಲಿಶ್ ಹಚ್ಚಿ, ಎಲ್ಲಿ ಹಚ್ಚಿದ್ದೀರಿ ಅಂತ ಫೋಟೋ ಇಟ್ಟುಕೊಳ್ಳಿ. ವಾಪಸ್ ಬಂದದ್ದು ನಿಮ್ಮದೇ ಬೋರ್ಡಾ ಅಥವಾ ಅವರ ಸುಟ್ಟ ಬೋರ್ಡಾ ಅಂತ ಅದು ಹೇಳುತ್ತದೆ. ವಾರದ ಚೆಕಿಂಗ್ ವಾರಂಟಿ ಕೊಟ್ಟರೆ ಸಾಕು.

ಮೊದಲ ಗಿರಾಕಿ ಮೆಕ್ಯಾನಿಕ್‌ಗಳೇ. ಮುದ್ದೇಬಿಹಾಳ, ತಾಳಿಕೋಟೆ, ಜಮಖಂಡಿ, ಅಥಣಿ ಕಡೆಯ ರಿಪೇರಿ ಅಂಗಡಿಗಳ ವಾಟ್ಸಾಪ್ ನಂಬರ್ ಕೂಡಿಸಿ, ಬೋರ್ಡಿನ ಎರಡೂ ಬದಿಯ ಫೋಟೋ ಕಳಿಸಿ. ನಂಬರ್ ಓದಲು ಬರಬೇಕು, ಫ್ಲ್ಯಾಶ್ ಬೆಳಕು ಅದರ ಮೇಲೆ ಬೀಳಬಾರದು. ಆಮೇಲೆ ಓಎಲ್‌ಎಕ್ಸ್. ಅಲ್ಲಿ ಒಂದು ಮೋಸ ಹಳೆಯದು: "ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅನ್ನುತ್ತಾರೆ. ದುಡ್ಡು ಬರಲು ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ಹೋಗುವುದು ನಿಮ್ಮದೇ.

ದೂರದ ಊರಿಗೆ ಬಸ್ ಪಾರ್ಸೆಲ್ ಅನುಕೂಲ. ಪಟ್ಟಿ ಕಳಿಸುವುದಾದರೆ ಎರಡು ಇಂಚಿನ ಪಿವಿಸಿ ಪೈಪಿನೊಳಗೆ ಹಾಕಿ ಎರಡೂ ಬದಿ ಮುಚ್ಚಿ. ಯಾರು ಎಸೆದರೂ ಬಾಗುವುದಿಲ್ಲ.

ಡಬ್ಬಾ ಟಿವಿ ಮತ್ತು ಉಳಿದ ಕಸ

ಪಿಕ್ಚರ್ ಟ್ಯೂಬಿನ ಟಿವಿಯಲ್ಲಿ ಸಿಗುವುದು ತಾಮ್ರದ ಸುರುಳಿ, ಎಲ್‌ಓಟಿ (ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್), ಸ್ಪೀಕರ್ ಅಷ್ಟೇ. ಹೊಸಬರು ಕೈ ಹಾಕುವುದು ಬೇಡ ಅನ್ನುತ್ತೇನೆ. ಟ್ಯೂಬಿನ ರಬ್ಬರ್ ಟೋಪಿಯ ಕೆಳಗೆ ಚಾಲೂ ಇದ್ದಾಗ 20 ಸಾವಿರ ವೋಲ್ಟಿಗೂ ಹೆಚ್ಚು ಇರುತ್ತದೆ, ಬಂದ್ ಮಾಡಿದ ಮೇಲೂ ಚಾರ್ಜ್ ಕೂತಿರುತ್ತದೆ. ಟ್ಯೂಬಿನೊಳಗೆ ನಿರ್ವಾತ, ಕುತ್ತಿಗೆ ಮುರಿದರೆ ಗಾಜು ಒಳಕ್ಕೆ ಕುಸಿದು ಚೂರು ಹಾರುತ್ತದೆ. ಹಿಂಬದಿಯ ಗಾಜಿನಲ್ಲಿ ಸೀಸ ಇದೆ. ತಾಮ್ರಕ್ಕಾಗಿ ಟ್ಯೂಬ್ ಒಡೆದು ಗಾಜನ್ನು ಹಳ್ಳಕ್ಕೆ ಸುರಿಯುವವರು ಆ ಹಳ್ಳದ ನೀರನ್ನೂ ನೆನಪಿಡಬೇಕು.

ಎಲ್‌ಇಡಿ ಬರುವ ಮುಂಚಿನ ಎಲ್‌ಸಿಡಿ ಟಿವಿಗಳಲ್ಲಿ ಪಟ್ಟಿಯ ಬದಲು ಸಣ್ಣ ಗಾಜಿನ ಟ್ಯೂಬ್‌ಲೈಟ್ ಇರುತ್ತವೆ, ಒಳಗೆ ಪಾದರಸ. ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗೆ ಹೋಗಿ. ಆಮೇಲೆ ಒದ್ದೆ ಪೇಪರಿನಿಂದ ಒತ್ತಿ ತೆಗೆಯಿರಿ, ಪೊರಕೆ ಬೇಡ.

ವೈರ್ ಸುಟ್ಟು ತಾಮ್ರ ತೆಗೆಯುವುದು, ಬೋರ್ಡಿಗೆ ಆಸಿಡ್ ಹಾಕುವುದು ಬೇಡವೇ ಬೇಡ. ಹೊಗೆಯೂ ವಿಷ, ಕಾನೂನಿಗೂ ವಿರುದ್ಧ. ಟಿವಿಗಳು ಇ-ತ್ಯಾಜ್ಯ ನಿರ್ವಹಣೆ ನಿಯಮಗಳು 2022ರ ಪಟ್ಟಿಯಲ್ಲಿವೆ, ಆ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹಳೆಯದನ್ನು ದುರಸ್ತಿ ಮಾಡಿ ಮಾರುವುದನ್ನೇ ಉದ್ಯೋಗ ಮಾಡಿಕೊಂಡವರು, ರೀಸೈಕಲ್ ಮಾಡುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಅಂಗಡಿಗೆ ಬಂದ ಒಂದೆರಡು ಟಿವಿ ದಾಟಿ, ಗೋದಾಮು ಹಿಡಿದು ಕೆಲಸ ಶುರು ಮಾಡುವ ಮುಂಚೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ವಿಚಾರಿಸಿ. ಒಡೆದ ಪ್ಯಾನಲ್, ಸತ್ತ ಬೋರ್ಡ್, ಟ್ಯೂಬುಗಳನ್ನು ಬೇರೆ ಬೇರೆ ಚೀಲದಲ್ಲಿ ಕೂಡಿಟ್ಟು, ನೋಂದಣಿ ಇರುವ ರೀಸೈಕಲ್ ಕಂಪನಿಗೆ ತೂಕ ಮಾಡಿ ಕೊಡಿ, ರಸೀದಿ ತೆಗೆದುಕೊಳ್ಳಿ. ಕಬ್ಬಿಣದ ತಗಡು, ಅಲ್ಯೂಮಿನಿಯಂ ಹೀಟ್ ಸಿಂಕ್ ಮಾತ್ರ ಗುಜರಿಗೆ ಹೋಗಲಿ. ಡಿಫ್ಯೂಸರ್ ಪ್ಲೇಟ್ ಕೇಳಿಕೊಂಡು ಫೋಟೋ ಸ್ಟುಡಿಯೋದವರು, ಅಂಗಡಿಗಳ ನಾಮಫಲಕ ಬರೆಯುವವರು ಬರಬಹುದು, ಗೀರು ಬೀಳದ ಹಾಗೆ ಇಡಿ.